ಎಡವಿದ್ದೆಲ್ಲಿ, ಬಿದ್ದದ್ದೆಲ್ಲಿ?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕಂಪ್ಯೂಟರಿನ ಒಳಗುಟ್ಟನ್ನು ಕುರಿತ ಲೇಖನವೇಕೆ ಎಂದು ಕೆಲವು ಮಿತ್ರರು ಈಗಾಗಲೇ ಕೇಳಿದ್ದಾರೆ. ನಾನು ಓದುತ್ತಿರುವುದು ಇತಿಹಾಸ ಮತ್ತು ಐಚ್ಛಿಕ ಕನ್ನಡ. ಯಂತ್ರವಿದ್ಯೆಯನ್ನು ತರಗತಿಯಲ್ಲಿ ಕುಳಿತು ಕಲಿತವನಲ್ಲ. ಆದರೂ ಈ ವರ್ಷ ನಮ್ಮ ಗ್ರಂಥಾಲಯದಲ್ಲಿ ನಡೆದ ಒಂದು ಸಂಗತಿ, ಎರಡು ತಿಂಗಳ ಕಾಲ ನಾನು ಒಂದು ಯಂತ್ರದ ಒಡಲಿಗೆ ತಲೆಹಾಕಿ ಕುಳಿತಿರುವಂತೆ ಮಾಡಿತು. ಅಲ್ಲಿ ಕಂಡದ್ದನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳುವುದು, ಹೇಳುವಾಗ ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳುವುದು, ಇವೆರಡೇ ಈ ಲೇಖನದ ಉದ್ದೇಶ.

ಗ್ರಂಥಾಲಯದ ಹಿಂಬದಿಯ ಸಣ್ಣ ಕೋಣೆಯಲ್ಲಿ ಒಂದು ಕಂಪ್ಯೂಟರು ಇರುವುದನ್ನು ಎಲ್ಲರೂ ಬಲ್ಲರು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು 2014ರ ಜನವರಿಯ ಕೊನೆಯಲ್ಲಿ ಅದನ್ನು ತಾವೇ ಜೋಡಿಸಿ ಕಾಲೇಜಿಗೆ ಕಾಣಿಕೆಯಾಗಿ ಕೊಟ್ಟರು. ಆಗ ಹೊಸದಾಗಿ ಹೊರಬಂದಿದ್ದ ಲಿನಕ್ಸ್ ತಂತ್ರಾಂಶವನ್ನು ಅದರಲ್ಲಿ ಹೂಡಿದ್ದರು. ಕೆಲವು ವರ್ಷ ಅದು ಬಳಕೆಯಾಗದೆ ಬೀರುವಿನ ಪಕ್ಕದಲ್ಲಿ ಧೂಳು ಹೊದ್ದು ಮಲಗಿತ್ತು. ಕನ್ನಡ ವಿಭಾಗದವರು ಸುತ್ತಲಿನ ಹಳ್ಳಿಗಳಿಗೆ ಹೋಗಿ ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ ಮೊದಲಾದವನ್ನು ಧ್ವನಿಮುದ್ರಿಸಿಕೊಂಡು ಬರಲು ಆರಂಭಿಸಿದಾಗ ಅವನ್ನೆಲ್ಲ ಕೂಡಿಡಲು ಒಂದು ತಾಣ ಬೇಕಾಯಿತು. ಆ ಯಂತ್ರದಲ್ಲಿ ನಾಲ್ಕು ದೊಡ್ಡ ಡಿಸ್ಕುಗಳಿದ್ದವು. ಅದನ್ನೇ ಎಬ್ಬಿಸಿದೆವು. ನೋಡಿಕೊಳ್ಳುವ ಹೊಣೆ, ಮನೆಯಲ್ಲಿ ಅಣ್ಣನ ಜೊತೆ ಲಿನಕ್ಸ್ ಬಳಸಿ ರೂಢಿಯಿದ್ದ ನನ್ನ ಪಾಲಿಗೆ ಬಂತು.

ಮೂರು ನೂರಕ್ಕೂ ಹೆಚ್ಚು ಹಾಡುಗಳು ಅಲ್ಲಿ ಸೇರಿದ್ದವು. ಹಾಡಿದ ಅಜ್ಜಿಯರಲ್ಲಿ ಒಬ್ಬರು ಈ ಮಳೆಗಾಲದಲ್ಲಿ ತೀರಿಕೊಂಡರು. ಅವರ ದನಿ ಈಗ ಉಳಿದಿರುವುದು ಆ ಡಿಸ್ಕುಗಳ ಮೇಲೆ ಮಾತ್ರ. ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಯಂತ್ರ ಇದ್ದಕ್ಕಿದ್ದಂತೆ ಕಲ್ಲಾಗಿ ನಿಂತಿತು. ಕೀಲಿಮಣೆ ಒತ್ತಿದರೆ ಕೇಳದು. ಯಾರ ಮಾತಿಗೂ ಉತ್ತರವಿಲ್ಲ. ಎರಡು ವಾರ ಕಳೆದು ಮತ್ತೊಮ್ಮೆ ಹಾಗೆಯೇ ಆಯಿತು. ಎರಡು ಸಲವೂ ಹಿಂದಿನ ರಾತ್ರಿ ವಿದ್ಯುತ್ತು ಹೋಗಿತ್ತು. ಎರಡು ಸಲವೂ ಬೆಳಿಗ್ಗೆ ಯಂತ್ರದ ಗುಂಡಿ ಒತ್ತಿದವರು ಗ್ರಂಥಾಲಯದ ಅಟೆಂಡರು. ಅವರು ಸ್ವಿಚ್ಚನ್ನು ಸರಿಯಾಗಿ ಆರಿಸದೆ, ಸರಿಯಾಗಿ ಹಚ್ಚದೆ ಯಂತ್ರವನ್ನು ಕೆಡಿಸುತ್ತಿದ್ದಾರೆಂದು ಮಾತು ಹುಟ್ಟಿತು. ಮಾತು ಹುಟ್ಟಿತು ಎಂದೇಕೆ ಮರೆಮಾಡಲಿ? ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ‘ಸ್ವಿಚ್ಚಿನ ಅಜಾಗರೂಕ ಬಳಕೆಯಿಂದ ಆದದ್ದು’ ಎಂದು ಬರೆದು ಸಹಿ ಮಾಡಿದವನು ನಾನೇ. ಅದರ ಆಧಾರದ ಮೇಲೆ ಅವರಿಂದ ಲಿಖಿತ ಸಮಜಾಯಿಷಿ ಕೇಳಿದರು. ನಿವೃತ್ತಿಗೆ ಎರಡು ವರ್ಷವಿರುವ ಮನುಷ್ಯ. ಒಂದು ಮಾತೂ ಎದುರಾಡಲಿಲ್ಲ.

ಮೂರನೆಯ ಸಲ ಯಂತ್ರ ನಿಂತಾಗ ಅವರು ಒಂದು ಕೆಲಸ ಮಾಡಿದರು. ಗುಂಡಿ ಒತ್ತುವ ಮೊದಲು, ಪರದೆಯ ಮೇಲೆ ಬಂದಿದ್ದ ಇಂಗ್ಲಿಷ್ ಸಾಲುಗಳನ್ನೆಲ್ಲ ತಮ್ಮ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ನನ್ನ ಕೈಗೆ ಅದನ್ನು ಕೊಡುತ್ತ, “ಏನೋ ಬರೆದಿದೆಯಪ್ಪ, ನನಗೆ ತಿಳಿಯದು, ನೀನು ಓದಿದವನು, ನೋಡು” ಎಂದರು. ನಾನು ನೋಡಿದೆ; ನನಗೂ ತಿಳಿಯಲಿಲ್ಲ. ಆದರೆ ಓದಿದವನು ಎಂದ ಮೇಲೆ ಓದಲೇಬೇಕಾಯಿತು.

ಆ ಸಾಲುಗಳ ಅರ್ಥ ಹೇಳುವ ಮೊದಲು ಡಿಸ್ಕುಗಳ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಡಿಸ್ಕು ಎಂಬುದು ಸವೆಯುವ ವಸ್ತು. ಒಂದಲ್ಲ ಒಂದು ದಿನ ಕೆಡುವುದೇ. ಒಂದೇ ದುಬಾರಿ ಡಿಸ್ಕನ್ನು ನೆಚ್ಚುವುದಕ್ಕಿಂತ ಹಲವು ಅಗ್ಗದ ಡಿಸ್ಕುಗಳನ್ನು ಒಂದು ತಂಡವಾಗಿ ಕಟ್ಟಿ, ಒಂದು ಕೆಟ್ಟರೂ ಉಳಿದವು ಕೆಲಸ ನಡೆಸುವಂತೆ ಮಾಡಬಹುದೆಂಬ ವಿಚಾರವನ್ನು ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಸ್ ಎಂಬವರು 1988ರಲ್ಲಿ ಒಂದು ಪ್ರಬಂಧದಲ್ಲಿ ಮಂಡಿಸಿದರು. ‘ರೇಡ್’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ.

ಅದರ ಉಪಾಯ ಬಹಳ ಸುಲಭ. ಕಂಪ್ಯೂಟರಿನ ಬರಹವೆಲ್ಲ ಸೊನ್ನೆ ಮತ್ತು ಒಂದುಗಳಲ್ಲಿ ಇರುತ್ತದೆಯಷ್ಟೆ. ನಾಲ್ಕು ಡಿಸ್ಕುಗಳಿವೆ ಎನ್ನೋಣ. ಮೂರರ ಮೇಲೆ ಕ್ರಮವಾಗಿ 1, 1, 0 ಎಂದು ಬರೆದೆವು. ಇವುಗಳಲ್ಲಿ ಒಂದುಗಳ ಸಂಖ್ಯೆ ಎರಡು, ಅಂದರೆ ಸಮ. ಆದ್ದರಿಂದ ನಾಲ್ಕನೆಯದರ ಮೇಲೆ 0 ಎಂದು ಬರೆಯುತ್ತೇವೆ. ಬೆಸವಾಗಿದ್ದರೆ 1 ಎಂದು ಬರೆದು ಸಮ ಮಾಡುತ್ತಿದ್ದೆವು. ಈಗ ಎರಡನೆಯ ಡಿಸ್ಕು ಸುಟ್ಟುಹೋಯಿತು. ಉಳಿದದ್ದು 1, 0 ಮತ್ತು ಕಾವಲಿನ 0. ಒಂದುಗಳ ಮೊತ್ತ ಸಮವಾಗಲೇಬೇಕಾದ್ದರಿಂದ ಕಳೆದುಹೋದದ್ದು 1 ಎಂದು ಬೆರಳೆಣಿಸಿ ಹೇಳಬಹುದು. ಕಾವಲಿನ ಅಂಕಿಗಳನ್ನೆಲ್ಲ ಒಂದೇ ಡಿಸ್ಕಿನ ಮೇಲೆ ಹೇರದೆ ಸರದಿಯಂತೆ ಎಲ್ಲದರ ಮೇಲೂ ಹಂಚುವ ಪದ್ಧತಿಗೆ ‘ರೇಡ್ ಐದು’ ಎಂದು ಹೆಸರು. ನಮ್ಮ ಯಂತ್ರದಲ್ಲಿ ಇದ್ದದ್ದು ಅದೇ.

ಈ ಲೆಕ್ಕವನ್ನು ಮಾಡುವವರು ಯಾರು? ದೊಡ್ಡ ಸಂಸ್ಥೆಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಯಂತ್ರಭಾಗವಿರುವುದುಂಟು. ನಮ್ಮಂಥ ಬಡವರ ಯಂತ್ರದಲ್ಲಿ ಲಿನಕ್ಸಿನ ಕರ್ನೆಲೇ ಅದನ್ನು ಮಾಡುತ್ತದೆ. ಕರ್ನೆಲ್ ಎಂದರೆ ತಿರುಳು. ಉಳಿದ ತಂತ್ರಾಂಶಗಳೆಲ್ಲ ಇದರ ನೆರಳಿನಲ್ಲಿ ಬಾಳುವಂಥವು. ಅವು ಕೆಟ್ಟರೆ ಅವಷ್ಟೇ ಕೆಡುತ್ತವೆ, ತಿರುಳು ಕೆಟ್ಟರೆ ಯಂತ್ರವೇ ನಿಲ್ಲುತ್ತದೆ. ಈ ಕರ್ನೆಲನ್ನು 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬವರು ಬರೆಯತೊಡಗಿದರು. ಅದರ ಮೂಲಬರಹ ಯಾರು ಬೇಕಾದರೂ ಓದುವಂತೆ ತೆರೆದಿದೆ. ಈ ಒಂದು ಔದಾರ್ಯವಿಲ್ಲದಿದ್ದರೆ ನನ್ನಂಥವನಿಗೆ ಮುಂದಿನ ದಾರಿಯೇ ಇರುತ್ತಿರಲಿಲ್ಲ. ಡಿಸ್ಕುಗಳ ತಂಡವನ್ನು ನಡೆಸುವ ಭಾಗಕ್ಕೆ ‘ಎಂಡಿ’ ಡ್ರೈವರೆಂದು ಹೆಸರು.

ಇನ್ನು ಚಿತ್ರದಲ್ಲಿದ್ದ ಸಾಲುಗಳಿಗೆ ಬರೋಣ. ಮೊದಲ ಸಾಲು, ಎಂಡಿ ಡ್ರೈವರಿನ ರೇಡ್ ಐದು ಕಡತದಲ್ಲಿ ಇಂಥ ಸಂಖ್ಯೆಯ ಸಾಲಿನಲ್ಲಿ ದೋಷ ಕಂಡಿತು ಎಂದು ಹೇಳುತ್ತಿತ್ತು. ಅದರ ಕೆಳಗೆ ಯಂತ್ರದ ಆ ಕ್ಷಣದ ಅಂಕಿ ಅಂಶಗಳು. ಅವುಗಳ ಕೆಳಗೆ ಹೆಸರುಗಳ ಒಂದು ಪಟ್ಟಿ: ಯಾವ ಕೆಲಸ ಯಾವ ಕೆಲಸವನ್ನು ಕರೆಯಿತು, ಅದು ಮತ್ತಾವುದನ್ನು ಕರೆಯಿತು ಎಂಬ ವಂಶಾವಳಿ. ಶಾಸನಗಳಲ್ಲಿ ರಾಜರ ವಂಶಾವಳಿ ಮೇಲಿನಿಂದ ಕೆಳಕ್ಕೆ ಹರಿದರೆ, ಇಲ್ಲಿ ಕೆಳಗಿನವನೇ ಮೂಲಪುರುಷ. ಎಲ್ಲಕ್ಕೂ ಮೇಲಿರುವವನು ಕೊನೆಯವನು, ಅಂದರೆ ಬಿದ್ದವನು. ಬಿದ್ದ ಕೆಲಸದ ಹೆಸರು ‘ಡು ರಿಲೀಸ್ ಸ್ಟ್ರೈಪ್’, ಪಟ್ಟೆಯನ್ನು ಬಿಟ್ಟುಕೊಡುವ ಕೆಲಸ.

ಇಲ್ಲಿ ಒಂದು ಮಾತು ತಿಳಿಯಬೇಕು. ಯಂತ್ರ ತಾನಾಗಿ ಸತ್ತಿರಲಿಲ್ಲ. ಆ ಸಾಲಿನಲ್ಲಿ ಬರೆದವರೇ ಒಂದು ಕಾವಲು ಇಟ್ಟಿದ್ದರು: ‘ಈ ಸ್ಥಿತಿ ಎಂದೂ ಉಂಟಾಗಲಾರದು, ಉಂಟಾದರೆ ಅಲ್ಲಿಯೇ ನಿಲ್ಲು’ ಎಂದು. ಲೆಕ್ಕ ತಪ್ಪಿದೆಯೆಂದು ಗೊತ್ತಾದ ಮೇಲೂ ಬರೆಯುತ್ತ ಹೋದರೆ ಡಿಸ್ಕಿನ ಮೇಲೆ ಸುಳ್ಳು ದಾಖಲಾದೀತು. ಸುಳ್ಳು ಬರೆಯುವುದಕ್ಕಿಂತ ನಿಂತುಬಿಡುವುದು ಲೇಸೆಂಬ ಧರ್ಮ ಅದರದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಯಂತ್ರವೇಕೆ ನಿಂತಿತು ಎಂಬುದಲ್ಲ. ಎಂದೂ ಆಗಲಾರದ ಸ್ಥಿತಿ ಹೇಗೆ ಆಯಿತು ಎಂಬುದು.

ಮೊದಲು ಹಾಡುಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡೆ. ಡಿಸ್ಕುಗಳ ತಂಡ ಕಟ್ಟಿದ್ದೇವೆ, ಇನ್ನು ಭಯವಿಲ್ಲ ಎಂದು ನಕಲು ಇಡದಿದ್ದುದು ನನ್ನ ದಡ್ಡತನ. ತಂಡವು ಡಿಸ್ಕಿನ ಸಾವಿನಿಂದ ಕಾಪಾಡುತ್ತದೆಯೇ ಹೊರತು ತಂಡವನ್ನು ನಡೆಸುವವನ ತಪ್ಪಿನಿಂದಲ್ಲ. ಕಳವು, ಬೆಂಕಿ, ನಮ್ಮದೇ ಕೈತಪ್ಪು ಇವುಗಳಿಂದಲೂ ಅಲ್ಲ. ನಕಲು ಬೇರೆ ಮನೆಯಲ್ಲೇ ಇರಬೇಕು. ಕೊನೆಯ ದಿನ ಅರ್ಧ ಬರೆದಿದ್ದ ಎರಡು ಹಾಡುಗಳು ಹಾಳಾಗಿದ್ದವು; ಅವುಗಳ ಮೂಲ ಇನ್ನೂ ಧ್ವನಿಮುದ್ರಕದಲ್ಲಿಯೇ ಇತ್ತು. ಉಳಿದವೆಲ್ಲ ನೆಟ್ಟಗಿದ್ದವು.

ಆಮೇಲೆ ಸಂದೇಹಗಳನ್ನು ಒಂದೊಂದಾಗಿ ಕಳೆಯುತ್ತ ಬಂದೆ. ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ. ಅದರಲ್ಲಿ ದೋಷ ಕಾಣಲಿಲ್ಲ. ನೆನಪಿನ ಚಿಪ್ಪುಗಳನ್ನು ಒಂದು ಇಡೀ ರಾತ್ರಿ ಪರೀಕ್ಷೆಗೆ ಹಚ್ಚಿದೆ, ಅವೂ ಸರಿಯಿದ್ದವು. ಉಳಿದದ್ದು ಎರಡು: ಸ್ವಿಚ್ಚು ಅಥವಾ ತಂತ್ರಾಂಶ. ಇದನ್ನು ತೀರ್ಮಾನಿಸಲು ಒಂದೇ ಉಪಾಯವಿತ್ತು. ಮನೆಯಲ್ಲಿದ್ದ ಬೇರೊಂದು ಹಳೆಯ ಕಂಪ್ಯೂಟರಿನಲ್ಲಿ ಅದೇ ಆವೃತ್ತಿಯ ಕರ್ನೆಲನ್ನು ಹೂಡಿ, ಖಾಲಿ ಡಿಸ್ಕುಗಳ ಒಂದು ತಂಡ ಕಟ್ಟಿ, ಗ್ರಂಥಾಲಯದಲ್ಲಿ ಆ ಬೆಳಿಗ್ಗೆಗಳಲ್ಲಿ ಏನು ನಡೆದಿತ್ತೋ ಅದನ್ನೇ ನಡೆಸಿದೆ.

ಏನು ನಡೆದಿತ್ತು? ವಿದ್ಯುತ್ತು ಹಠಾತ್ತಾಗಿ ಹೋದರೆ, ಅರ್ಧ ಬರೆದ ಪಟ್ಟೆಗಳಲ್ಲಿ ಕಾವಲಿನ ಅಂಕಿ ತಾಳೆಯಾಗದೆ ಉಳಿದಿರಬಹುದು. ಆದ್ದರಿಂದ ಯಂತ್ರ ಮತ್ತೆ ಏಳುವಾಗ ಎಂಡಿ ಡ್ರೈವರು ತಾನಾಗಿಯೇ ಮೊದಲಿನಿಂದ ಕೊನೆಯವರೆಗೆ ಎಲ್ಲ ಪಟ್ಟೆಗಳನ್ನು ತಾಳೆ ನೋಡಿ ಸರಿಪಡಿಸತೊಡಗುತ್ತದೆ. ಗಂಟೆಗಟ್ಟಲೆ ಹಿಡಿಯುವ ಕೆಲಸವಿದು. ಅದೇ ಹೊತ್ತಿನಲ್ಲಿ, ಭಾನುವಾರ ಹಳ್ಳಿಗೆ ಹೋಗಿ ಬಂದಿದ್ದ ನಮ್ಮವರು ಇಬ್ಬರು ಮೂವರು ಒಟ್ಟಿಗೆ ಹಾಡುಗಳನ್ನು ತುಂಬುತ್ತಿದ್ದರು. ಅಂದರೆ ಸೋಮವಾರ ಬೆಳಿಗ್ಗೆ ಯಂತ್ರಕ್ಕೆ ಎರಡು ಕಡೆಯಿಂದ ದುಡಿತ. ಮನೆಯ ಯಂತ್ರಕ್ಕೂ ಇದೇ ದುಡಿತ ಕೊಟ್ಟೆ. ಮೊದಲ ರಾತ್ರಿ ಏನೂ ಆಗಲಿಲ್ಲ. ಎರಡನೆಯ ರಾತ್ರಿ ಕಳೆದು ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಮೇಲೆ ಅದೇ ಕಡತ, ಅದೇ ಸಾಲು, ಅದೇ ‘ಡು ರಿಲೀಸ್ ಸ್ಟ್ರೈಪ್’. ಬೇರೆ ಯಂತ್ರ, ಬೇರೆ ಡಿಸ್ಕು, ಬೇರೆ ಊರಿನ ಮನೆ. ಸ್ವಿಚ್ಚು ಮುಟ್ಟಿದವರು ಯಾರೂ ಇಲ್ಲ. ಆ ಬೆಳಿಗ್ಗೆ ನನಗೆ ಮೊದಲು ಕಂಡದ್ದು ಗೆಲುವಲ್ಲ. ದಾಖಲೆ ಪುಸ್ತಕದಲ್ಲಿ ನಾನು ಬರೆದ ಸಾಲು.

ಆದರೆ ಸ್ವಿಚ್ಚು ಕಾರಣವಲ್ಲ ಎಂದರೆ ಸಾಲದು, ಏನು ಕಾರಣ ಎಂದೂ ತಿಳಿಯಬೇಕು. ಬಿದ್ದ ಕೆಲಸದ ಮೂಲಬರಹವನ್ನು ತೆರೆದು ಒಂದು ವಾರ ಓದಿದೆ. ಎಷ್ಟು ಓದಿದರೂ ಅದರಲ್ಲಿ ತಪ್ಪು ಸಿಗಲಿಲ್ಲ. ಆಗ ನೆನಪಾದದ್ದು ನಮ್ಮ ಗ್ರಂಥಸಂಪಾದನೆಯ ತರಗತಿ. ಓಲೆಗರಿಯ ಒಂದು ಪ್ರತಿಯಲ್ಲಿ ಪದ್ಯ ಕೆಟ್ಟಿದ್ದರೆ ಆ ಒಂದನ್ನೇ ದಿಟ್ಟಿಸಿ ಫಲವಿಲ್ಲ. ಇನ್ನೊಂದು ಪ್ರತಿಯನ್ನು ಪಕ್ಕದಲ್ಲಿಟ್ಟು ಪಾಠಾಂತರ ನೋಡಬೇಕೆಂದು ನಮ್ಮ ಅಧ್ಯಾಪಕರು ಹೇಳುತ್ತಿರುತ್ತಾರೆ. ಹಾಗೆಯೇ ಮಾಡಿದೆ. ನಮ್ಮ ಯಂತ್ರದಲ್ಲಿದ್ದದ್ದು 3.13ನೆಯ ಆವೃತ್ತಿ, ಅದು ಹೊರಬಂದದ್ದು 2014ರ ಜನವರಿ 19ರಂದು. ಅದರ ಹಿಂದಿನದು 3.12, 2013ರ ನವೆಂಬರಿನದು. ಎರಡನ್ನೂ ಅಕ್ಕಪಕ್ಕ ಇಟ್ಟು ರೇಡ್ ಐದರ ಕಡತವನ್ನು ಸಾಲುಸಾಲಾಗಿ ಹೋಲಿಸಿದಾಗ, ಪಟ್ಟೆಯನ್ನು ‘ಬಿಡುವ’ ಕೆಲಸಕ್ಕಿಂತ ಪಟ್ಟೆಯನ್ನು ‘ಪಡೆಯುವ’ ಕೆಲಸದಲ್ಲಿ ಪಾಠ ಹೆಚ್ಚು ಬದಲಾಗಿದ್ದುದು ಕಂಡಿತು.

ಈಗ ಪಟ್ಟೆ ಎಂದರೇನೆಂದು ಹೇಳುತ್ತೇನೆ. ಡ್ರೈವರು ಡಿಸ್ಕುಗಳ ಮೇಲೆ ನೇರವಾಗಿ ಗೀಚುವುದಿಲ್ಲ. ಎಲ್ಲ ಡಿಸ್ಕುಗಳ ಒಂದೇ ಸ್ಥಾನದಲ್ಲಿರುವ ತುಣುಕುಗಳನ್ನು, ಡಿಸ್ಕೊಂದಕ್ಕೆ 4096 ಬೈಟಿನ ಒಂದು ಪುಟದಂತೆ, ನೆನಪಿನಲ್ಲಿ ಒಂದು ಕಟ್ಟಾಗಿ ಇಟ್ಟುಕೊಂಡು ಕಾವಲಿನ ಅಂಕಿಯನ್ನು ಲೆಕ್ಕ ಹಾಕಿ ಆಮೇಲೆ ಬರೆಯುತ್ತದೆ. ಆ ಕಟ್ಟೇ ಪಟ್ಟೆ. ಅಂಥ ಕಟ್ಟುಗಳು ಸಾಮಾನ್ಯವಾಗಿ 256 ಇರುತ್ತವೆ. ನಾಲ್ಕು ಡಿಸ್ಕಿನ ತಂಡಕ್ಕೆ ಎಲ್ಲ ಸೇರಿ 4 ಮೆಗಾಬೈಟು. ಇರುವುದು ಇಷ್ಟೇ ಆದ್ದರಿಂದ ಅವನ್ನು ಪಡೆಯುವುದು, ಬಿಡುವುದು, ಮತ್ತೆ ಪಡೆಯುವುದು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತಿರುತ್ತದೆ.

ನಮ್ಮ ವಾಚನಾಲಯದ ಉದಾಹರಣೆಯಿಂದ ಇದನ್ನು ನೋಡೋಣ. ಮೇಜಿನ ಮೇಲಿನ ಒಂದು ದೊಡ್ಡ ನಿಘಂಟನ್ನು ಒಬ್ಬಿಬ್ಬರು ಒಟ್ಟಿಗೆ ನೋಡಬಹುದು. ಎಷ್ಟು ಮಂದಿ ನೋಡುತ್ತಿದ್ದಾರೆಂಬ ಎಣಿಕೆ ಒಂದು ಚೀಟಿಯಲ್ಲಿರುತ್ತದೆ. ಎಣಿಕೆ ಸೊನ್ನೆಯಾದರೆ ಪುಸ್ತಕ ಕಪಾಟಿನಲ್ಲಿರಬೇಕು. ಒಂದು ಅಥವಾ ಹೆಚ್ಚಾದರೆ ಮೇಜಿನ ಮೇಲಿರಬೇಕು. ಎಣಿಕೆ ಒಂದೆಂದು ತೋರಿಸುತ್ತ ಪುಸ್ತಕವೂ ಕಪಾಟಿನಲ್ಲಿ ಇರುವುದು ಎಂದೂ ಆಗಬಾರದು. ನಮ್ಮ ಯಂತ್ರ ಬಿದ್ದ ಸಾಲಿನ ಕಾವಲು ನೋಡುತ್ತಿದ್ದುದು ಇದನ್ನೇ: ಪಟ್ಟೆಯನ್ನು ಬಿಡಲು ಬಂದಾಗ, ಅದು ಆಗಲೇ ಕಪಾಟಿನ ಪಟ್ಟಿಯಲ್ಲಿದ್ದರೆ ಎಲ್ಲೋ ಮೋಸವಾಗಿದೆ.

ಈಗಿನ ಕಂಪ್ಯೂಟರಿನಲ್ಲಿ ಕೆಲಸಗಾರ ಒಬ್ಬನಲ್ಲ. ಎರಡು, ನಾಲ್ಕು, ಎಂಟು ಮಂದಿ ಏಕಕಾಲದಲ್ಲಿ ದುಡಿಯುತ್ತಾರೆ. ಇಬ್ಬರು ಒಂದೇ ಚೀಟಿಯನ್ನು ಒಟ್ಟಿಗೆ ತಿದ್ದಿದರೆ ಲೆಕ್ಕ ಕೆಡುತ್ತದೆ. ಅದಕ್ಕಾಗಿ ಬೀಗದ ಏರ್ಪಾಡು. ಬೀಗದ ಕೈ ಹಿಡಿದವನೇ ತಿದ್ದಬೇಕು, ಉಳಿದವರು ಕಾಯಬೇಕು. 3.12ರವರೆಗೆ ಪಟ್ಟೆಯನ್ನು ಪಡೆಯುವಾಗ ಒಂದೇ ದೊಡ್ಡ ಬೀಗವಿತ್ತು. ಹುಡುಕುವುದು, ಕಪಾಟಿನಿಂದ ತೆಗೆಯುವುದು, ಎಣಿಕೆ ಏರಿಸುವುದು ಎಲ್ಲವೂ ಅದರ ಕೆಳಗೇ. ಕೆಲಸಗಾರರು ಹೆಚ್ಚಿದಂತೆ ಆ ಒಂದು ಕೈಗಾಗಿ ಕಾಯುವವರ ಸಾಲು ಬೆಳೆಯಿತು. ಆದ್ದರಿಂದ 3.13ರಲ್ಲಿ, ಹುಡುಕುವ ಕೆಲಸಕ್ಕೆಂದು 8 ಸಣ್ಣ ಬೀಗಗಳನ್ನು ಮಾಡಿದರು. ದೊಡ್ಡ ಬೀಗ ಬೇಕಾದಾಗ ಮಾತ್ರ ಒಂದು ಚಣ ಹಿಡಿದು ಬಿಟ್ಟುಬಿಡುವುದು. ಒಳ್ಳೆಯ ಯೋಜನೆ, ಕಾಯುವಿಕೆ ಕಡಮೆಯಾಯಿತು. ಆದರೆ ಹೊಸ ಪಾಠದಲ್ಲಿ ಎಣಿಕೆಯನ್ನು ಏರಿಸುವ ಒಂದೇ ಒಂದು ಸಾಲು, ದೊಡ್ಡ ಬೀಗವನ್ನು ಬಿಟ್ಟ ಮೇಲೆ ಬರುತ್ತಿತ್ತು.

ಇದರಿಂದ ಏನಾದೀತು? ನಿಘಂಟನ್ನು ಒಬ್ಬ ನೋಡುತ್ತಿದ್ದಾನೆ. ಚೀಟಿಯಲ್ಲಿ ಒಂದು ಎಂದಿದೆ. ನಾನು ಹೋಗುತ್ತೇನೆ. ದೊಡ್ಡ ಕೈ ಹಿಡಿದು ಚೀಟಿ ನೋಡುತ್ತೇನೆ. ಒಂದು ಎಂದಿರುವುದರಿಂದ ಪುಸ್ತಕ ಮೇಜಿನ ಮೇಲೇ ಇದೆ, ಕಪಾಟಿನ ಗೊಡವೆ ನನಗಿಲ್ಲ ಎಂದು ತಿಳಿದು ಕೈಯನ್ನು ಬಿಡುತ್ತೇನೆ. ಚೀಟಿಯಲ್ಲಿ ನನ್ನ ಲೆಕ್ಕವನ್ನು ಇನ್ನೂ ಸೇರಿಸಿಲ್ಲ. ಆ ಕಣ್ಣೆವೆಯಷ್ಟು ಬಿಡುವಿನಲ್ಲಿ ಮೊದಲಿನವನು ಎದ್ದ. ಅವನು ನಿಯಮದಂತೆ ದೊಡ್ಡ ಕೈ ಹಿಡಿದು, ಎಣಿಕೆಯನ್ನು ಸೊನ್ನೆ ಮಾಡಿ, ಸೊನ್ನೆಯಾಯಿತೆಂದು ಪುಸ್ತಕವನ್ನು ಕಪಾಟಿಗೆ ಸೇರಿಸಿ ಹೊರಟುಹೋದ. ಈಗ ನಾನು ಚೀಟಿಯಲ್ಲಿ ಒಂದನ್ನು ಸೇರಿಸಿದೆ. ಎಣಿಕೆ ಒಂದು, ಪುಸ್ತಕ ಕಪಾಟಿನಲ್ಲಿ! ಇಬ್ಬರೂ ತಂತಮ್ಮ ನಿಯಮ ಪಾಲಿಸಿದ್ದೇವೆ; ಆದರೂ ಆಗಬಾರದ್ದು ಆಗಿಹೋಯಿತು. ಆ ಕ್ಷಣದಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಓದು ಮುಗಿಸಿ ಪುಸ್ತಕವನ್ನು ಹಿಂದಿರುಗಿಸಲು ಹೋದಾಗ, ಬಾಗಿಲ ಬಳಿಯ ಕಾವಲುಗಾರ ಇದು ಆಗಲೇ ಕಪಾಟಿನಲ್ಲಿದೆಯಲ್ಲ ಎಂದು ಹಿಡಿದು ನಿಲ್ಲಿಸುತ್ತಾನೆ.

ಎಡವಿದ್ದು ಪಡೆಯುವಲ್ಲಿ, ಬಿದ್ದದ್ದು ಬಿಡುವಲ್ಲಿ. ಒಂದು ವಾರ ನಾನು ತಪ್ಪು ಹುಡುಕಿದ್ದು ಬಿದ್ದ ಸ್ಥಳದಲ್ಲಿ, ಅಲ್ಲಿ ತಪ್ಪೇ ಇರಲಿಲ್ಲ. ಸಂಶಯಪಟ್ಟದ್ದು ಆ ಹೊತ್ತಿಗೆ ಪಕ್ಕದಲ್ಲಿದ್ದವರನ್ನು.

ಆ ಬಿಡುವು ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು ಚಿಕ್ಕದು. ಸುಮ್ಮನೆ ನಡೆಯುವ ದಿನಗಳಲ್ಲಿ ಇಬ್ಬರು ಅದೇ ಬಿಡುವಿನಲ್ಲಿ ಅದೇ ಪಟ್ಟೆಯ ಬಳಿ ಸಂಧಿಸುವುದು ಅಪೂರ್ವ. ತಾಳೆ ನೋಡುವ ಕೆಲಸವೂ ಬರೆಯುವ ಕೆಲಸವೂ ಒಟ್ಟಿಗೆ ನುಗ್ಗಿದ ದಿನ ಅದು ಕೂಡಿಬರುತ್ತದೆ. ವಿದ್ಯುತ್ತು ಹೋದ ರಾತ್ರಿಯ ಮಾರನೆಯ ಬೆಳಿಗ್ಗೆಯೇ ಏಕೆ ಎಂಬುದಕ್ಕೆ ಉತ್ತರ ಇದು. ಸ್ವಿಚ್ಚಿಗೂ ಪತನಕ್ಕೂ ನಂಟು ಇದ್ದದ್ದು ನಿಜ. ಆದರೆ ಅದು ಕಾರಣದ ನಂಟಲ್ಲ. ಬೆಳಿಗ್ಗೆ ಕೋಳಿ ಕೂಗುವುದಕ್ಕೂ ಸೂರ್ಯ ಹುಟ್ಟುವುದಕ್ಕೂ ಇರುವಂಥ ನಂಟು.

ನಾನೇ ಕಂಡುಹಿಡಿದೆನೆಂದು ಹಿಗ್ಗಿದ್ದು ಒಂದು ಸಂಜೆ ಮಾತ್ರ. ಲಿನಕ್ಸಿನ ಪ್ರತಿಯೊಂದು ತಿದ್ದುಪಡಿಗೂ ಅದನ್ನೇಕೆ ಮಾಡಿದರೆಂಬ ಟಿಪ್ಪಣಿಯೊಂದಿಗೆ ದಾಖಲೆ ಉಳಿದಿರುತ್ತದೆ. ಅದನ್ನು ತಿರುವಿಹಾಕಿದಾಗ, ಇದೇ ದೋಷವನ್ನು 2014ರ ಆರಂಭದಲ್ಲಿಯೇ, 3.13 ಹೊರಬಂದ ಹೊಸತರಲ್ಲೇ ಸರಿಪಡಿಸಿದ್ದು ಕಂಡಿತು. ಆಗ ಎಂಡಿ ಡ್ರೈವರಿನ ಪಾಲಕರಾಗಿದ್ದ ಆಸ್ಟ್ರೇಲಿಯಾದ ನೀಲ್ ಬ್ರೌನ್ ಅದನ್ನು ಮಾಡಿದ್ದರು. ತಿದ್ದುಪಡಿ ಇಷ್ಟೆ: ಎಣಿಕೆ ಏರಿಸುವ ಸಾಲನ್ನು ಕೊನೆಯಿಂದ ಕಿತ್ತು, ದೊಡ್ಡ ಬೀಗ ತೆರೆಯುವುದಕ್ಕೆ ಮೊದಲೇ ಇಟ್ಟದ್ದು. ಯಾರ ಬಳಿಯೂ ಇರದ ಬಿಡಿ ಪಟ್ಟೆಯನ್ನು ಹೊಸದಾಗಿ ತೆಗೆದುಕೊಳ್ಳುವ ಇನ್ನೊಂದು ದಾರಿಯಲ್ಲಿ ದೊಡ್ಡ ಬೀಗ ಬೇಕಿಲ್ಲ, ಸಣ್ಣ ಬೀಗವೇ ಸಾಕು, ಏಕೆಂದರೆ ಆ ಹೊತ್ತಿಗೆ ಅದನ್ನು ಬಿಡುವವರು ಬೇರಾರೂ ಇರಲಾರರು ಎಂಬುದನ್ನೂ ಅವರು ಟಿಪ್ಪಣಿಯಲ್ಲಿ ವಿವರಿಸಿದ್ದಾರೆ. ಎಣಿಕೆಯೂ ಪಟ್ಟಿಯೂ ಒಂದಕ್ಕೊಂದು ಒಪ್ಪಬೇಕಾದರೆ ಎರಡನ್ನೂ ಒಂದೇ ಬೀಗದಡಿಯಲ್ಲಿ ಬದಲಾಯಿಸಬೇಕು ಎಂಬುದು ಅದರ ಸಾರ. ದೋಷ ಹೊಸ ಬದಲಾವಣೆಯಿಂದ ಬಂದದ್ದು, ಯಾವ ಬದಲಾವಣೆಯಿಂದ ಬಂದದ್ದು ಎಂಬುದನ್ನೂ ಅಲ್ಲಿಯೇ ನಮೂದಿಸಿದ್ದಾರೆ. ಮುಚ್ಚಿಟ್ಟಿಲ್ಲ, ಯಾರನ್ನೂ ಜರೆದಿಲ್ಲ.

ಹಾಗಾದರೆ ಹತ್ತು ವರ್ಷಕ್ಕೂ ಹಿಂದೆ ಸರಿಯಾದ ದೋಷ ನಮ್ಮನ್ನೇಕೆ ಕಾಡಿತು? ತಿದ್ದಿದ ಪ್ರತಿ ಹೊರಗೆ ಬಂದರೂ ನಮ್ಮ ಯಂತ್ರ ತಿದ್ದದ ಪ್ರತಿಯನ್ನೇ ಇಟ್ಟುಕೊಂಡು ಮಲಗಿತ್ತು. ಅದನ್ನು ಎಬ್ಬಿಸಿದಾಗ ಮೊದಲು ಅದರ ಕರ್ನೆಲನ್ನು ಹೊಸದಾಗಿಸುವುದು ನನ್ನ ಕರ್ತವ್ಯವಾಗಿತ್ತು. ನಡೆಯುತ್ತಿದೆಯಲ್ಲ ಎಂದು ಬಿಟ್ಟಿದ್ದೆ. ಹೊಣೆ ಯಾರದೆಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ.

ಹೊಸ ಕರ್ನೆಲನ್ನು ಹೂಡಿದ ಮೇಲೆ, ಹಾಡುಗಳ ನಕಲು ಭದ್ರವಾಗಿರುವುದನ್ನು ನೋಡಿಕೊಂಡು, ಅದೇ ಇಬ್ಬಗೆಯ ದುಡಿತವನ್ನು ಯಂತ್ರಕ್ಕೆ ಒಂದು ವಾರ ಕೊಟ್ಟೆವು. ನಿಲ್ಲಲಿಲ್ಲ. ಇಂಥ ದೋಷಗಳ ವಿಷಯದಲ್ಲಿ ಬೀಳಲಿಲ್ಲ ಎಂಬುದೇ ಪೂರ್ಣ ಸಾಕ್ಷಿಯಲ್ಲ. ಅದು ನಾಳೆ ಬೀಳಬಹುದು. ಏಕೆ ಬೀಳುತ್ತಿತ್ತು, ಈಗ ಏಕೆ ಬೀಳಲಾರದು ಎಂಬ ತರ್ಕವೇ ಮುಖ್ಯ ಸಾಕ್ಷಿ. ವಾರದ ಪರೀಕ್ಷೆ ಅದಕ್ಕೆ ಬೆಂಬಲವಷ್ಟೆ. ಈಗ ಹಾಡುಗಳ ಒಂದು ನಕಲು ಕನ್ನಡ ವಿಭಾಗದ ಬೀರುವಿನಲ್ಲಿದೆ. ತಿಂಗಳಿಗೊಮ್ಮೆ ಅದನ್ನು ಹೊಸದಾಗಿಸುತ್ತೇವೆ. ವಿದ್ಯುತ್ತು ಹೋದಾಗ ಯಂತ್ರವನ್ನು ಕ್ರಮವಾಗಿ ಆರಿಸುವಷ್ಟು ಹೊತ್ತು ನಡೆಸುವ ಒಂದು ಬ್ಯಾಟರಿಯನ್ನೂ ಪ್ರಾಂಶುಪಾಲರು ಮಂಜೂರು ಮಾಡಿದ್ದಾರೆ.

ದಾಖಲೆ ಪುಸ್ತಕದ ಸಾಲನ್ನು ಹೊಡೆದುಹಾಕಲು ಹೋದೆ. ಗ್ರಂಥಪಾಲಕರು ತಡೆದರು. ಬರೆದದ್ದನ್ನು ಅಳಿಸಬಾರದು, ಅದರ ಕೆಳಗೆ ತಿದ್ದುಪಡಿ ಬರೆಯಬೇಕು ಎಂದರು. ಲಿನಕ್ಸಿನವರ ಪದ್ಧತಿಯೂ ಅದೇ ಎಂದು ನೆನಪಾಗಿ ಒಪ್ಪಿದೆ. ಯಂತ್ರ ನಿಂತದ್ದು ಸ್ವಿಚ್ಚಿನಿಂದಲ್ಲ, ಕರ್ನೆಲಿನ ಹಳೆಯ ದೋಷದಿಂದ. ಕರ್ನೆಲನ್ನು ಹಳೆಯದಾಗಿಯೇ ಉಳಿಸಿದವನು ನಾನು. ಕಾರಣ ಸಿಕ್ಕಿದ್ದು ಅಟೆಂಡರು ತೆಗೆದ ಚಿತ್ರದಿಂದ ಎಂದು ಬರೆದು ಸಹಿ ಮಾಡಿ, ಪುಸ್ತಕವನ್ನು ಅವರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಓದಿ, “ಹಾಡು ಎಲ್ಲ ಉಳಿದವಲ್ಲ?” ಎಂದು ಕೇಳಿದರು. ಉಳಿದವು ಎಂದೆ. ಪುಸ್ತಕವನ್ನು ಮಡಚಿ, ಅದರ ಜಾಗದಲ್ಲಿಟ್ಟು, ಗಂಟೆ ಹೊಡೆಯಲು ಹೊರಟರು.